ಮೈದನಹಳ್ಳಿ ಬಿಸಿಲಲ್ಲಿ ಕೃಷ್ಣಮೃಗ

ಏಪ್ರಿಲ್ ಬಿಸಿಲಲ್ಲಿ ಮೈದನಹಳ್ಳಿಗೆ ಯಾರಾದ್ರೂ ಹೋಗ್ತಾರಾ ಅಂತ ಮನೇಲಿ ಬೈದ್ರು, ಆದ್ರೆ ನಂಗೆ ಬೇಕಿದ್ದಿದ್ದೇ ಬಿಸಿಲು, ಮಳೆಗಾಲದ ಹಸಿರಲ್ಲಿ ಯಾವ ಪ್ರಾಣಿ ಆದ್ರೂ ಚೆನ್ನಾಗೇ ಇರತ್ತೆ, ಈ ಉರಿಯಲ್ಲಿ ಹೆಂಗೆ ಬದುಕ್ತವೆ ಅಂತ ನೋಡ್ಬೇಕಿತ್ತು. ತುಮಕೂರಿಂದ ಕೊರಟಗೆರೆ, ಮಧುಗಿರಿ, ಕೊಡಿಗೇನಹಳ್ಳಿ ದಾಟಿ ಹೋದ್ರೆ ಆಂಧ್ರ ಗಡಿ ಹತ್ರ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ, 798 ಎಕರೆ, ಬಹುಪಾಲು ಬರೀ ಹುಲ್ಲು.

ಬೆಳಗ್ಗೆ ಹಿಂಡು ಮೇಯ್ತಿತ್ತು. ಬಿಸಿಲು ಏರ್ತಿದ್ದಂಗೆ ಒಂದೊಂದೇ ಬಂದು ನೆರಳಲ್ಲಿ ಮಲಗಿದ್ವು. ಬೈನಾಕ್ಯುಲರಲ್ಲಿ ಒಂದು ಗಂಡನ್ನೇ ನೋಡ್ತಾ ಕೂತೆ, ಕಪ್ಪು ಬೆನ್ನು, ಸುರುಳಿ ಕೊಂಬು, ಮೂಗಿನ ಹೊಳ್ಳೆ ಮಾತ್ರ ಒಂದು ಕ್ಷಣನೂ ಸುಮ್ನಿಲ್ಲ. ಗುಟ್ಟು ಆ ಮೂಗಲ್ಲೇ ಇದೆ. ಮಡಿಕೆ ನೀರು ತಣ್ಣಗಾಗೋ ಹಂಗೆ ಮೂಗಿನ ಒಳಗಿನ ತೇವ ಆರಿ ಅಲ್ಲಿರೋ ರಕ್ತ ತಣ್ಣಗಾಗತ್ತೆ, ಆ ರಕ್ತ ವಾಪಸ್ ಹೋಗೋ ದಾರೀಲಿ, ಮೆದುಳಿನ ಬುಡದಲ್ಲಿ, ಮೆದುಳಿಗೆ ಹೋಗೋ ಬಿಸಿ ರಕ್ತದ ನಾಳ ನೂರಾರು ಸಣ್ಣ ಎಳೆಯಾಗಿ ಒಡೆದು ಬಲೆ ಥರ ಹರಡಿರತ್ತೆ, ಎರಡೂ ಪಕ್ಕಪಕ್ಕ ಹರಿಯೋವಾಗ ಮೆದುಳಿಗೆ ಹೋಗೋ ರಕ್ತದ ಬಿಸಿ ಮೂಗಿಂದ ಬಂದ ತಣ್ಣನೆ ರಕ್ತಕ್ಕೆ ದಾಟತ್ತೆ. ಮೈ ಕಾದ್ರೂ ಮೆದುಳು ಅಷ್ಟು ಕಾಯಲ್ಲ. ಕುರಿ, ಮೇಕೆಗೂ ಈ ಬಲೆ ಇದೆ, ನಮಗಿಲ್ಲ. ಇನ್ನೊಂದು ಲಾಭ ಏನಂದ್ರೆ ಮೆದುಳು ತಣ್ಣಗಿದ್ರೆ ಬೆವರು ಸುರಿಸು, ಏದುಸಿರು ಬಿಡು ಅನ್ನೋ ಆರ್ಡರ್ ಕಮ್ಮಿಯಾಗತ್ತೆ, ಅಂದ್ರೆ ನೀರು ಉಳಿಯತ್ತೆ. ಒಂಟೆ ಇದರಲ್ಲಿ ಇನ್ನೂ ಗಟ್ಟಿ, ನೀರಿಲ್ಲದಾಗ ಮೈ ಬಿಸಿನ ಬೆಳಗಿನ 34 ಡಿಗ್ರಿಯಿಂದ ಮಧ್ಯಾಹ್ನ 40ರ ಮೇಲಕ್ಕೂ ಏರೋಕೆ ಬಿಟ್ಟುಬಿಡತ್ತೆ, ರಾತ್ರಿ ಚಳಿಗೆ ಆ ಬಿಸಿ ತಾನಾಗೇ ಇಳಿಯತ್ತೆ.

ದಾರಿ ಪಕ್ಕದಲ್ಲೇ ಹಿಕ್ಕೆ ಗುಡ್ಡೆ ಇತ್ತು, ಗಂಡುಗಳು ಗಡಿ ಗುರುತಿಗೆ ಒಂದೇ ಕಡೆ ಹಾಕ್ತವೆ. ಒಂದು ಕಾಳು ಒಡೆದು ನೋಡಿದೆ, ಒಳಗೆಲ್ಲ ಪುಡಿಪುಡಿ ನಾರು. ಇದ್ದ ನೀರನ್ನ ಕರುಳು ಮೊದಲೇ ಹೀರಿಕೊಂಡಿರತ್ತೆ.

ಅಷ್ಟರಲ್ಲಿ ಬೈಕಲ್ಲಿ ಬಂದ ಇಬ್ಬರು ಹುಡುಗರು ಫೋಟೋಗೆ ಅಂತ ಹಿಂಡಿನ ಕಡೆ ಹೊರಟ್ರು. ಕುರಿ ಕಾಯ್ತಿದ್ದ ತಾತ ಕೂಗಿದ್ರು, "ಲೇ ಎಬ್ಬಿಸ್ಬ್ಯಾಡ್ರಪ್ಪ, ಈ ಹೊತ್ನಾಗೆ ಓಡಿದ್ರೆ ಅವುಕ್ಕೆ ಭಾಳ ಸಂಕಟ." ತಾತ ಹೇಳಿದ್ದು ಸರಿ, ಓಡಿದಾಗ ಸ್ನಾಯುಗಳಿಂದ ಹುಟ್ಟೋ ಬಿಸಿ ಇಳಿಸೋಕೆ ಬೆಳಗ್ಗಿಂದ ಉಳಿಸಿದ ನೀರೆಲ್ಲ ಖರ್ಚು ಮಾಡ್ಬೇಕು. ಹುಡುಗರು ಮಾತು ಕೇಳಿದ್ರು, ಅಲ್ಲೇ ನಿಂತು ದೂರದಿಂದ ಫೋಟೋ ತಗೊಂಡ್ರು. ಹೋಗೋರು ಮಧುಗಿರೀಲೇ ನೀರು, ತಿಂಡಿ ತಗೊಂಡು ಬೆಳಗ್ಗೆ ಬೇಗ ಹೋಗಿ, ಗಾಡಿಯಿಂದ ಇಳಿದು ಹತ್ರ ಹೋಗ್ಬೇಡಿ.