ಮಗಳನ್ನು ಸ್ಕೂಲಿಗೆ ಯಾಕೆ ಕಳಿಸಲ್ಲ? ಕೊನೇ ಸಲ ಹೇಳ್ತೀನಿ

ಮಗಳಿಗೆ ಮನೆಯಲ್ಲೇ ನಾನೇ ಕಲಿಸೋದು. ಯಾಕೆ ಅಂತ ಮದುವೆಮನೆಯ ಊಟದ ಪಂಕ್ತಿಯಲ್ಲಿ ಹೇಳಿದ್ದಾಯ್ತು, ದಿನಸಿ ಅಂಗಡಿಯಲ್ಲಿ ಹೇಳಿದ್ದಾಯ್ತು, ನನ್ನ ಬಾಯಲ್ಲಿ ಹತ್ತಿ ತುರುಕಿದ್ದ ಹಲ್ಲಿನ ಡಾಕ್ಟರಿಗೂ ಕೈಸನ್ನೆಯಲ್ಲಿ ಹೇಳಿದ್ದಾಯ್ತು. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸ್ತೀನಿ. ಓದಿಕೊಳ್ಳಿ.

ಮೊದಲು ಸರ್ಟಿಫಿಕೇಟಿನ ಚಿಂತೆ. ಎನ್‌ಐಒಎಸ್ ಅಂತ ಕೇಂದ್ರ ಸರ್ಕಾರದ್ದೇ ಮುಕ್ತ ಶಾಲೆ ಇದೆ, 1989ರಿಂದ ಇದೆ. ವಯಸ್ಸು 14 ತುಂಬಿದ್ದರೆ ಐದು ವಿಷಯ ಆರಿಸಿಕೊಂಡು ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯಬಹುದು. ಅದು ಬೇಡ ಅಂದರೆ 15 ತುಂಬಿದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ನಮ್ಮ ಎಸ್ಸೆಸ್ಸೆಲ್ಸಿಯನ್ನೇ ಕಟ್ಟಬಹುದು. ಅವಳಿಗೀಗ ಒಂಬತ್ತು. ಸ್ವಲ್ಪ ತಡ್ಕೊಳ್ಳಿ.

'ಕಾನೂನು ಒಪ್ಪುತ್ತಾ?' 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನ ಮಕ್ಕಳನ್ನು ಶಾಲೆಗೆ ಸೇರಿಸೋದು ಹೆತ್ತವರ ಕರ್ತವ್ಯ ಅನ್ನುತ್ತೆ. ಸೇರಿಸದಿದ್ದರೆ ದಂಡ ಅಂತ ಎಲ್ಲೂ ಹೇಳಿಲ್ಲ. ಮನೆಯಲ್ಲಿ ಓದಿಸೋರ ಬಗ್ಗೆ ಅದು ಬಾಯೇ ಬಿಡಲ್ಲ. ನಾವು ಆ ಮೌನದಲ್ಲಿ ಬದುಕ್ತಿದೀವಿ.

'ಜನರ ಜೊತೆ ಬೆರೆಯೋದು ಹೇಗೆ?' ಬೆರೆತದ್ದು ಜಾಸ್ತಿಯಾಗಿ, ಕೆಳಗಿನ ಮನೆಯ ಅತ್ತೆ ಸೊಸೆ ಜಗಳದ ಪೂರ್ತಿ ವರದಿ ದಿನಾ ಸಂಜೆ ನಮ್ಮ ಅಡುಗೆಮನೆಗೆ ಬರ್ತಿದೆ.

ಸ್ಕೂಲು ಬಿಡಿಸಿದ್ದಕ್ಕೆ ದೊಡ್ಡ ತತ್ವ ಏನೂ ಇಲ್ಲ. ಖಾಸಗಿ ಶಾಲೆಯಲ್ಲಿದ್ದಳು. 'ಬರವಣಿಗೆ ನಿಧಾನ, ಟ್ಯೂಷನ್‌ಗೆ ಹಾಕಿ' ಅಂದರು, ಒಂದನೇ ಕ್ಲಾಸಿನ ಮಗುವಿಗೆ. ಫೀಸು ಅವರಿಗೆ, ಕಲಿಸೋದು ಇನ್ನೊಬ್ಬರು. ಅದೇ ಬೇಸಗೆಯಲ್ಲಿ ಬಿಡಿಸಿದ್ವಿ.

ಹಾಗಾದ್ರೆ ಸರ್ಕಾರಿ ಶಾಲೆ ಯಾಕಲ್ಲ ಅಂತೀರಿ. ಇದನ್ನು ಕೇಳೋರ ಮಕ್ಕಳೆಲ್ಲ ಹಳದಿ ಬಸ್ಸು ಹತ್ತೋರೇ, ಇರಲಿ. ನಾನು ಹೋಗಿ ಕೂತು ನೋಡಿದೀನಿ. ನಲಿ-ಕಲಿ ಅಂತ ಆಟದ ಜೊತೆ ಕಲಿಸೋ ಪದ್ಧತಿ ಇದೆಯಲ್ಲ, ಆ ಕೋಣೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ. ಗೋಡೆ ಸುತ್ತ ಮಕ್ಕಳ ಎತ್ತರಕ್ಕೆ ಕರಿಹಲಗೆ. ಒಬ್ಬ ಹುಡುಗ ಕಲಿಕಾ ಏಣಿಯಲ್ಲಿ, ಅಂದರೆ ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸೋ ಪಟದಲ್ಲಿ, ತನ್ನ ಮೆಟ್ಟಿಲು ಎಲ್ಲಿದೆ ಅಂತ ಬೆರಳಿಟ್ಟು ನೋಡಿ, ತಾನೇ ಹೋಗಿ ಕಾರ್ಡ್ ತಗೊಂಡು ಬಂದ. ಪ್ರತಿ ಮಗು ತನ್ನ ವೇಗದಲ್ಲಿ ಕಲೀಲಿ ಅಂತ ನಾವು ಮನೆಶಾಲೆಯೋರು ಭಾಷಣ ಬಿಗೀತೀವಲ್ಲ, ಅದನ್ನು 1995ರಲ್ಲೇ ಹೆಗ್ಗಡದೇವನಕೋಟೆಯ ಸರ್ಕಾರಿ ಮೇಷ್ಟ್ರುಗಳು ಶುರುಮಾಡಿದ್ದರು. ಆದರೆ ನಾನು ಕೂತಿದ್ದ ಅರ್ಧ ದಿನದಲ್ಲಿ ಅಲ್ಲಿ ಪಾಠ ಮಾಡೋ ಮೇಡಂ ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಮೊಬೈಲಲ್ಲಿ ಹಾಜರಿ ಅಂತ ಎಷ್ಟು ಸಲ ಎದ್ದು ಹೋದರೋ.

ಅದೇ ಮೇಡಂ ಆಮೇಲೆ ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆ ಅಂತ ನಮ್ಮ ಮನೆಗೇ ಬಂದರು. ಕಾರಣ ಬರೆಯೋ ಕಾಲಂ ಬಂತು. ವಲಸೆನಾ? ಅಲ್ಲ. ಕೂಲಿ ಕೆಲಸನಾ? ಅಲ್ಲ. ಅನಾರೋಗ್ಯ? ಮಗಳು ಅವರ ಎದುರಿಗೇ ಸೋಫಾದ ಮೇಲೆ ತಲೆಕೆಳಗಾಗಿ ಬಿದ್ದುಕೊಂಡು ಕಥೆಪುಸ್ತಕ ಓದ್ತಿದ್ದಳು. ಮೇಡಂ ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿ 'ಇತರೆ' ಅಂತ ಬರ್ಕೊಂಡರು. ಕಾಫಿ ಮುಗಿಸಿ, 'ಸೇರಿಸಿಬಿಡಿ ಮೇಡಂ, ಮಕ್ಕಳ ಸಂಖ್ಯೆ ಇನ್ನೂ ಇಳಿದರೆ ನನ್ನನ್ನ ಹೆಚ್ಚುವರಿ ಅಂತ ಬೇರೆ ಕಡೆ ಹಾಕ್ತಾರೆ' ಅಂದರು. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಜವಾಬಿಲ್ಲದ ಮಾತು ಅಂದರೆ ಅದೊಂದೇ.

ಉಳಿದೋರೆಲ್ಲ ಮಗುವಿನ ಬಗ್ಗೆನೇ ಕೇಳೋದು. ಅವಳಿಗೆ ಇಂಗ್ಲಿಷ್ ಬರುತ್ತಾ, ಮಗ್ಗಿ ಬರುತ್ತಾ, ನಾಳೆ ಕೆಲಸ ಸಿಗುತ್ತಾ. ನನ್ನ ಕೆಲಸ ಏನಾಯ್ತು ಅಂತ ಒಬ್ಬರಾದರೂ ಕೇಳಿ ನೋಡೋಣ! ಸಹಕಾರ ಬ್ಯಾಂಕಿನಲ್ಲಿ ಲೆಕ್ಕ ನೋಡ್ತಿದ್ದೋಳು ನಾನು. ಮನೆಶಾಲೆ ಪುಗಸಟ್ಟೆ ಅಂದ್ಕೊಂಡಿದಾರೆ ಜನ. ಅದರ ಫೀಸು ನನ್ನ ಸಂಬಳ, ನನ್ನ ಪಿಎಫ್, ಬರಬೇಕಿದ್ದ ಬಡ್ತಿ. ಸಮಾರಂಭಗಳಲ್ಲಿ ಮಾತ್ರ ಗಂಡನ ಬೆನ್ನು ತಟ್ಟಿ 'ಭಾರೀ ಧೈರ್ಯ ಮಾರಾಯ ನಿಂದು' ಅಂತಾರೆ. ಅವನು ಸಂಕೋಚದಿಂದ ನಗ್ತಾನೆ. ಅವನು ಕಲಿಸಿರೋದು ಚೆಸ್ಸು, ಅದೂ ಭಾನುವಾರ, ಅದೂ ಕ್ರಿಕೆಟ್ ಮ್ಯಾಚ್ ಇಲ್ಲದಿದ್ದರೆ.

ಮನೆಯೋ ಶಾಲೆಯೋ ಅಂತ ತಲೆಕೆಡಿಸಿಕೊಂಡು ನನಗೆ ಮೆಸೇಜ್ ಮಾಡೋ ಹೆಂಗಸರಿಗೆ ನಾನು ಸಿಲಬಸ್ ಗಿಲಬಸ್ ಹೇಳಲ್ಲ. ಬೆಳಗ್ಗೆ ಹತ್ತರಿಂದ ಒಂದರವರೆಗೆ ಮಗುವಿನ ಜೊತೆ ಕೂರೋದು ಯಾರು, ಬರೆದಿಟ್ಟುಕೊಳ್ಳಿ ಅಂತೀನಿ. ಬಹಳ ಜನ ಆಮೇಲೆ ಮೆಸೇಜೇ ಮಾಡಲ್ಲ.

ಮೊನ್ನೆ ಗಂಡನಿಗೂ ಹೇಳಿದೆ. ಜೂನಿನಿಂದ ನಾನು ಆಡಿಟರ್ ಆಫೀಸಿಗೆ, ಅರ್ಧ ದಿನ. ಆ ಹೊತ್ತು ಒಂದೋ ನೀನು ಕಲಿಸು, ಇಲ್ಲಾ ಅವಳನ್ನು ಆ ಮೇಡಂ ಶಾಲೆಗೆ ಸೇರಿಸಿ ಬಾ. ಯೋಚನೆ ಮಾಡ್ತೀನಿ ಅಂದಿದಾನೆ. ಏನು ತೀರ್ಮಾನ ಆಯ್ತು ಅಂತ ದಯವಿಟ್ಟು ನನ್ನನ್ನ ಕೇಳಬೇಡಿ, ಅವನ ನಂಬರ್ ಕೊಡ್ತೀನಿ.