ಗಲ್ಲಾಪೆಟ್ಟಿಗೆ, ಯುಪಿಐ ಮತ್ತು ಗ್ನೂಕ್ಯಾಶ್

ದಾವಣಗೆರೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಹಾರ್ಡ್‌ವೇರ್, ಸ್ಟೇಷನರಿ, ಒಂದು ಬೇಕರಿ, ಹೀಗೆ. ಎಲ್ಲರೂ ಸ್ವಂತ ಹೆಸರಲ್ಲೇ ವ್ಯಾಪಾರ ಮಾಡುವವರು, ಯಾರದೂ ಕಂಪನಿ ಅಲ್ಲ. ಕೆಲವರ ದಿನದ ಲೆಕ್ಕ ಈಗ ಗ್ನೂಕ್ಯಾಶ್‌ನಲ್ಲಿದೆ. ಇದು ಲೆಕ್ಕ ಬರೆಯುವ ಮುಕ್ತ ತಂತ್ರಾಂಶ, ವಿಂಡೋಸ್‌ನಲ್ಲೂ ನಡೆಯುತ್ತದೆ, ಲಿನಕ್ಸ್‌ನಲ್ಲೂ ನಡೆಯುತ್ತದೆ. "ಫ್ರೀ ಅಂತ ಹಾಕಿಕೊಂಡ್ರಾ?" ಅಂತ ಕೇಳದವರಿಲ್ಲ. ಅದೂ ಒಂದು ಕಾರಣ, ಆದರೆ ಸಣ್ಣದು. ತಾಳೆಯಾಗದ ದುಡ್ಡನ್ನು ಇದು ಮುಚ್ಚಿಡಲು ಬಿಡುವುದಿಲ್ಲ. ನನಗೆ ಹಿಡಿಸಿದ್ದು ಅದು.

ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವ ಎರಡೂ ಬದಿ ಸಮ ಆಗದ ನಮೂದು ಹಾಕಿದರೆ ಗ್ನೂಕ್ಯಾಶ್ ಮೊದಲು ಎಚ್ಚರಿಸುತ್ತದೆ. ಇರಲಿ ಬಿಡು ಅಂತ ಮುಂದೆ ಹೋದರೆ ವ್ಯತ್ಯಾಸವನ್ನು 'ಇಂಬ್ಯಾಲೆನ್ಸ್-ಐಎನ್‌ಆರ್' ಅನ್ನುವ ಖಾತೆಗೆ ತಾನೇ ಹಾಕುತ್ತದೆ. ಆ ಖಾತೆ ಪಟ್ಟಿಯಲ್ಲಿ ಎದ್ದು ಕಾಣುತ್ತದೆ. ಅಂಗಡಿಯ ಶಟರ್ ಎಳೆಯುವ ಹೊತ್ತಿಗೆ ಅದು ಸೊನ್ನೆ ಆಗಿರಬೇಕು ಅನ್ನುವುದು ನಾನು ಎಲ್ಲ ಕಡೆ ಇಟ್ಟ ನಿಯಮ. ಇವತ್ತಿನ 240 ರೂಪಾಯಿ ಎಲ್ಲಿಗೆ ಹೋಯಿತು ಅಂತ ಇವತ್ತು ಕೇಳಿದರೆ ಹುಡುಗರಿಗೆ ನೆನಪಿರುತ್ತದೆ. "ಹಮಾಲಿಗೆ ಕೊಟ್ವಿ ಅಲ್ವಾ" ಅನ್ನುತ್ತಾರೆ. ಮುಂದಿನ ವಾರ ಕೇಳಿದರೆ ಮುಖ ಮುಖ ನೋಡುತ್ತಾರೆ.

ಶುರುವಿನಲ್ಲಿ ಗ್ನೂಕ್ಯಾಶ್ ತಾನೇ ಕೊಡುವ ಖಾತೆಗಳ ಪಟ್ಟಿಯನ್ನು ಹಾಗೇ ಒಪ್ಪಿಕೊಳ್ಳಬೇಡಿ. ನಮ್ಮ ಅಂಗಡಿಗೆ ಬೇಡದ್ದು ಅದರಲ್ಲಿ ಬೇಕಾದಷ್ಟಿರುತ್ತದೆ. ಖಾತೆಗಳ ಹೆಸರನ್ನು ಕನ್ನಡದಲ್ಲೇ ಹಾಕಬಹುದು. ನಗದು, ಬ್ಯಾಂಕ್, ಉದ್ರಿ ಬಾಕಿ, ಖರೀದಿ, ಮಾರಾಟ, ಬಾಡಿಗೆ, ಕೂಲಿ-ಹಮಾಲಿ. ಇಷ್ಟರಿಂದ ಶುರು ಮಾಡಿ, ಬೇಕಾದ ಹಾಗೆ ಸೇರಿಸುತ್ತಾ ಹೋಗಿ. ಇನ್ನೊಂದು ಮಾತು: ಇದರಲ್ಲಿ ಕಾಲಂಗಳ ಹೆಸರು ಖಾತೆಗೆ ತಕ್ಕಂತೆ ಬದಲಾಗುತ್ತಾ ಇರುತ್ತದೆ. ಡೆಬಿಟ್-ಕ್ರೆಡಿಟ್ ರೂಢಿಯಾದವರಿಗೆ ಕಿರಿಕಿರಿ. ಪ್ರಿಫರೆನ್ಸಸ್‌ನಲ್ಲಿ 'ಫಾರ್ಮಲ್ ಅಕೌಂಟಿಂಗ್ ಲೇಬಲ್ಸ್' ಆನ್ ಮಾಡಿದರೆ ಎಲ್ಲ ಕಡೆ ಡೆಬಿಟ್, ಕ್ರೆಡಿಟ್ ಅಂತಲೇ ಬರುತ್ತದೆ.

ಜಾಸ್ತಿ ತಲೆ ಕೆಡಿಸುವುದು ಯುಪಿಐ. ಹಾರ್ಡ್‌ವೇರ್ ಅಂಗಡಿಯ ಕೌಂಟರ್ ಮೇಲಿನ ಡಬ್ಬಿ ದಿನವಿಡೀ ದುಡ್ಡು ಬಂತು, ದುಡ್ಡು ಬಂತು ಅಂತ ಕೂಗುತ್ತದೆ. ಆದರೆ ಆ ಅಂಗಡಿಗೆ ಬ್ಯಾಂಕಿನಲ್ಲಿ ದುಡ್ಡು ಬೀಳುವುದು ಮಾರನೇ ದಿನ, ಎಲ್ಲ ಸೇರಿ ಒಂದೇ ಮೊತ್ತ. ಮಾರಾಟವನ್ನು ನೇರ ಬ್ಯಾಂಕ್ ಖಾತೆಗೆ ಬರೆದರೆ ಸ್ಟೇಟ್‌ಮೆಂಟ್ ಜೊತೆ ತಾಳೆ ಹಾಕುವುದೇ ಕಷ್ಟ. ಅದಕ್ಕೇ ನಡುವೆ 'ಬರಬೇಕಾದ ಯುಪಿಐ' ಅಂತ ಒಂದು ಖಾತೆ ಮಾಡಿ ಆಸ್ತಿಯ, ಅಂದರೆ ನಮ್ಮಲ್ಲಿರುವ ಮತ್ತು ನಮಗೆ ಬರಬೇಕಾದ ದುಡ್ಡಿನ ಗುಂಪಿನ, ಕೆಳಗೆ ಇಟ್ಟಿದ್ದೇನೆ. ಸೋಮವಾರದ ಮಾರಾಟ 23,400 ಅಂದುಕೊಳ್ಳಿ, ತೆರಿಗೆಯ ಸಾಲು ಸದ್ಯಕ್ಕೆ ಬೇಡ. ನಗದು 9,150, ಯುಪಿಐ 12,250, ಉದ್ರಿ 2,000. ಒಂದೇ ನಮೂದಿನಲ್ಲಿ ಮಾರಾಟಕ್ಕೆ ಎದುರಾಗಿ ಮೂರು ಸಾಲು. ಮಂಗಳವಾರ ಬ್ಯಾಂಕಿಗೆ 12,250 ಬಿದ್ದರೆ ನಡುವಿನ ಖಾತೆ ಖಾಲಿ. 11,900 ಮಾತ್ರ ಬಿದ್ದರೆ 350 ಅಲ್ಲೇ ಉಳಿಯುತ್ತದೆ. ಆಗ ಬಿಲ್ ಪುಸ್ತಕ ಮತ್ತು ಆ್ಯಪ್ ಎರಡನ್ನೂ ಪಕ್ಕ ಇಟ್ಟು ನೋಡಿದರಾಯಿತು. ಸಾಮಾನ್ಯವಾಗಿ ಗಿರಾಕಿ ಅದನ್ನು ಮಾಲೀಕರ ಮಗನ ಸ್ವಂತ ನಂಬರಿಗೆ ಹಾಕಿರುತ್ತಾನೆ!

ಮಗನ ಮಾತು ಬಂತಲ್ಲ, ಮನೆ ಖರ್ಚಿನ ವಿಷಯವನ್ನೂ ಹೇಳಿಬಿಡುತ್ತೇನೆ. ಗಲ್ಲಾದಿಂದ ತರಕಾರಿಗೆ, ಸ್ಕೂಲ್ ಫೀಸಿಗೆ ತೆಗೆದ ದುಡ್ಡು ಅಂಗಡಿಯ ಖರ್ಚಲ್ಲ. ಅದು ಬಂಡವಾಳದಿಂದ ತೆಗೆದದ್ದು. ಅದಕ್ಕೆ ಬಂಡವಾಳದ ಕೆಳಗೆ 'ಸ್ವಂತಕ್ಕೆ ತೆಗೆದದ್ದು' ಅಂತ ಖಾತೆ. ತಿಂಗಳ ಕೊನೆಗೆ ಆ ಮೊತ್ತ ತೋರಿಸಿದಾಗ ಮಾಲೀಕರು ಸ್ವಲ್ಪ ಹೊತ್ತು ಮಾತಾಡುವುದಿಲ್ಲ.

ಖರೀದಿ ಬಿಲ್ ಸುಲಭ. ನಮ್ಮ ರಾಜ್ಯದ ಡೀಲರ್ ಕೊಟ್ಟ 11,800 ರೂಪಾಯಿಯ ಪೇಂಟ್ ಬಿಲ್ ಅಂದರೆ ಖರೀದಿ 10,000, ಸಿಜಿಎಸ್‌ಟಿ (ಕೇಂದ್ರದ ಪಾಲಿನ ಜಿಎಸ್‌ಟಿ) 900, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 900. ತೆರಿಗೆಯ ಎರಡೂ ಸಾಲನ್ನು ಖರ್ಚಿಗೆ ಸೇರಿಸದೆ ಆಸ್ತಿಯ ಕೆಳಗಿನ ಖಾತೆಗಳಿಗೆ ಹಾಕುತ್ತೇನೆ. ಖರೀದಿಯಲ್ಲಿ ಕೊಟ್ಟ ಆ ತೆರಿಗೆ, ಮಾರಾಟದ ತೆರಿಗೆ ಕಟ್ಟುವಾಗ ಕಳೆದುಕೊಳ್ಳುವ ಮೂಲಕ ನಮಗೆ ವಾಪಸ್ ಸಿಗಬೇಕಾದದ್ದು.

ಶನಿವಾರ ಸಂಜೆ ಬ್ಯಾಂಕ್ ತಾಳೆ. ಸ್ಟೇಟ್‌ಮೆಂಟಿನ ಕೊನೆಯ ಶಿಲ್ಕು ಹಾಕಿ 'ರೀಕನ್ಸೈಲ್' ತೆರೆದರೆ ಒಂದೊಂದೇ ಸಾಲಿಗೆ ಟಿಕ್ ಮಾಡುತ್ತಾ ಹೋಗಬಹುದು. ಕೆಳಗೆ ವ್ಯತ್ಯಾಸ ಸೊನ್ನೆಗೆ ಇಳಿಯುವವರೆಗೂ ಏಳುವುದಿಲ್ಲ. ತಾಳೆಯಾದ ಹಳೇ ನಮೂದನ್ನು ಅಂಗಡಿ ಹುಡುಗರು ಮುಟ್ಟಬಾರದು ಅಂದರೆ, ಫೈಲಿನ ಪ್ರಾಪರ್ಟೀಸ್‌ನಲ್ಲಿ ಇಷ್ಟು ದಿನಕ್ಕಿಂತ ಹಳೆಯದು ಓದಲು ಮಾತ್ರ ಅಂತ ಗೊತ್ತು ಮಾಡಬಹುದು. ಆದರೆ ಗೊತ್ತಿದ್ದವರು ಅದನ್ನು ತೆಗೆದೂ ಹಾಕಬಹುದು. ಅದು ಬೀಗ ಅಲ್ಲ, ಸುಮ್ನೆ ಒಂದು ಗೆರೆ.

ಅದಕ್ಕೇ ಪ್ರೈವೇಟ್ ಲಿಮಿಟೆಡ್‌ನವರು ಕೇಳಿದರೆ ಗ್ನೂಕ್ಯಾಶ್ ಬೇಡ ಅನ್ನುತ್ತೇನೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕು, ಆ ದಾಖಲೆಯನ್ನು ಆಫ್ ಮಾಡಲು ಬರಬಾರದು ಅಂತ ನಿಯಮವಿದೆ. ಗ್ನೂಕ್ಯಾಶ್ ಅದಕ್ಕೆ ಮಾಡಿದ್ದಲ್ಲ. ಮುಕ್ತ ತಂತ್ರಾಂಶವೇ ಬೇಕು ಅಂದರೆ ಲೆಕ್ಕ, ದಾಸ್ತಾನು ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ನೋಡಲಿ. ಅದು ಮುಂಬೈಯಲ್ಲಿ ಹುಟ್ಟಿದ್ದು, ಜಿಎಸ್‌ಟಿಗೆ ಬೇಕಾದ ಜೋಡಣೆಯೂ ಅದಕ್ಕೆ ಸಿಗುತ್ತದೆ. ಆದರೆ ಒಂದೇ ಕೌಂಟರಿನ ಅಂಗಡಿಗೆ ಅದು ಭಾರ ಜಾಸ್ತಿ.

ಕೊರತೆ ಇನ್ನೂ ಇವೆ. ಗ್ನೂಕ್ಯಾಶ್ ಗೋಡೌನ್‌ನ ದಾಸ್ತಾನು ಎಣಿಸುವುದಿಲ್ಲ. ಜಿಎಸ್‌ಟಿ ರಿಟರ್ನ್ ಫೈಲನ್ನೂ ಮಾಡಿಕೊಡುವುದಿಲ್ಲ. ಇಬ್ಬರು ಒಂದೇ ಫೈಲನ್ನು ಒಟ್ಟಿಗೆ ತೆರೆದು ಬರೆಯುವ ಹಾಗೂ ಇಲ್ಲ. ಮಾರ್ಚ್ ಕೊನೆಯಲ್ಲಿ ಸ್ಟಾಕನ್ನು ಕೈಯಲ್ಲಿ ಎಣಿಸಿ ಮೊತ್ತ ಹಾಕುತ್ತೇವೆ. ಸೇವ್ ಮಾಡಿದಾಗ ಅದು ದಿನಾಂಕ ಹಾಕಿದ ಬ್ಯಾಕಪ್ ಫೈಲನ್ನು ಪಕ್ಕದಲ್ಲೇ ಇಡುತ್ತದೆ. ಆದರೆ ಅದೇ ಕಂಪ್ಯೂಟರಿನಲ್ಲಿ ಇಟ್ಟ ಬ್ಯಾಕಪ್ ಅದೇ ಕಂಪ್ಯೂಟರ್ ಕೆಟ್ಟಾಗ ಯಾವ ಪ್ರಯೋಜನ? ವಾರಕ್ಕೊಮ್ಮೆ ಪೆನ್ ಡ್ರೈವ್‌ಗೆ ಹಾಕಿ ನನ್ನ ಮನೆಗೆ ತರುತ್ತೇನೆ.

ಆಡಿಟರ್ ಕೇಳುವುದು ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಶಿಲ್ಕಿನ ಪಟ್ಟಿ) ಮತ್ತು ಖಾತೆಗಳ ವಿವರ. ವರದಿಯನ್ನು ಎಚ್‌ಟಿಎಂಎಲ್ ಆಗಿ ತೆಗೆದು, ಲಿಬ್ರೆ ಆಫೀಸ್‌ನಲ್ಲಿ ಎಕ್ಸೆಲ್ ಮಾಡಿ ಕಳಿಸುತ್ತೇನೆ. ಮೊದಲ ವರ್ಷ ಕನ್ನಡದ ಖಾತೆ ಹೆಸರು ನೋಡಿ ಅವರು ಫೋನ್ ಮಾಡಿದ್ದರು. ಈಗ ಪ್ರತಿ ಖಾತೆಗೂ ಒಂದು ಕೋಡ್ ಕೊಟ್ಟಿದ್ದೇನೆ. ಅವರು ಕೋಡ್ ನೋಡುತ್ತಾರೆ, ಅಂಗಡಿಯವರು ಹೆಸರು ಓದುತ್ತಾರೆ.