ಸ್ಕ್ರೂ ನೋಡೋಕೆ ಒಂದೇ ಥರ, ಆದ್ರೆ ಕೂರಲ್ಲ

ಜುಲೈಯಲ್ಲಿ ನಮ್ಮ ಗೋಣಿಕೊಪ್ಪ ಕಡೆ ಮಳೆ ಹಿಡಿದ್ರೆ ಬಟ್ಟೆನೇ ಒಣಗಲ್ಲ, ಇನ್ನು ಕಬ್ಬಿಣದ ಸಾಮಾನು ಕೇಳ್ಬೇಕಾ. ಮಗಳು ಫೆನ್ಸಿಂಗ್ ಅಂದ್ರೆ ಕತ್ತಿವರಸೆ ಆಡ್ತಾಳೆ, ಅವಳ ಕತ್ತಿ ಎಪೇ, ಅದರ ತುದಿಯ ಎರಡು ಸ್ಕ್ರೂನಲ್ಲಿ ಒಂದು ತುಕ್ಕು ಹಿಡಿದು ತಲೆ ಸವೆದು ಹೋಗಿತ್ತು. ಆನ್‌ಲೈನಲ್ಲಿ ಹುಡುಕಿ "ಎಪೇ ಟಿಪ್ ಸ್ಕ್ರೂ" ಅಂತ ಹಾಕಿದ್ದ ಒಂದು ಪ್ಯಾಕೆಟ್ ತರಿಸಿದೆ, ಹಳೇ ಸ್ಪ್ರಿಂಗ್ ಸಡಿಲ ಆಗಿದೆ ಅನ್ನಿಸಿ ಅದನ್ನೂ ಒಂದು ಜೊತೆಗೆ ತರಿಸಿದೆ. ಎಪೇಗೆ ಎಪೇ ಸ್ಕ್ರೂ ತಾನೆ, ಇನ್ನೇನು ನೋಡೋದು ಅಂತ.

ಸ್ಟೀಲ್ ತಟ್ಟೆ ಮೇಲೆ ಬಿಳಿ ಬಟ್ಟೆ ಹಾಸ್ಕೊಂಡು ಕೂತೆ. ಸ್ಕ್ರೂ ಕನ್ನಡಕದ ಕಾಲಿಗೆ ಹಾಕ್ತಾರಲ್ಲ ಅಷ್ಟೇ ಇರ್ತದೆ, ನೆಲಕ್ಕೆ ಬಿದ್ರೆ ಮತ್ತೆ ಸಿಗಲ್ಲ. ಬ್ಯಾರೆಲ್ ಅಂದ್ರೆ ತುದಿಯ ಕೊಳವೆ, ಅದರ ಎರಡೂ ಬದಿಗೆ ಉದ್ದ ಸೀಳು ಉಂಟು, ಸ್ಕ್ರೂ ಆ ಸೀಳಿನ ಮೂಲಕ ಹೋಗಿ ಒಳಗಿರೋ ಟಿಪ್‌ಗೆ, ಅಂದ್ರೆ ಎದುರಾಳಿಗೆ ತಾಗಿ ಒತ್ತಿದಾಗ ಲೈಟ್ ಹತ್ತಿಸೋ ಬಟನ್‌ಗೆ, ಕಚ್ಚಿಕೊಳ್ಳಬೇಕು, ಟಿಪ್ ಮೇಲೆ ಕೆಳಗೆ ಆಡುವಾಗ ಸ್ಕ್ರೂ ತಲೆ ಸೀಳಲ್ಲೇ ಜಾರ್ತಾ ಇರ್ಬೇಕು. ನನ್ನ ಹೊಸ ಸ್ಕ್ರೂ ಒಂದೂವರೆ ಸುತ್ತು ಹೋಯ್ತು, ಆಮೇಲೆ ಬಿಗಿ. ಹೊಸದಲ್ವಾ ಅದಕ್ಕೆ ಬಿಗಿ ಇರ್ಬೇಕು ಅಂತ ಒತ್ತಿ ತಿರುಗಿಸಿದೆ. ಟಿಪ್ ಒಳಗಿನ ಥ್ರೆಡ್ ಪುಡಿ ಪುಡಿಯಾಗಿ ಬಟ್ಟೆ ಮೇಲೆ ಉದುರಿತು, ಅದನ್ನ ನೋಡಿದಾಗ ಹೊಟ್ಟೆ ಉರಿದು ಹೋಯ್ತು.

ಆಮೇಲೆ ಗೊತ್ತಾಗಿದ್ದು, ಟಿಪ್‌ನಲ್ಲಿ ಜರ್ಮನ್ ಮಾದರಿ ಬೇರೆ, ಫ್ರೆಂಚ್ ಮಾದರಿ ಬೇರೆ. ಎಪೇ, ಫಾಯಿಲ್ ಅನ್ನೋ ಇನ್ನೊಂದು ಥರದ ಕತ್ತಿ, ಎರಡರಲ್ಲೂ ಹೀಗೇ. ಸ್ಕ್ರೂ ಥ್ರೆಡ್ಡು, ಸ್ಪ್ರಿಂಗು, ಟಿಪ್ಪು, ಬ್ಯಾರೆಲ್ಲು ಎಲ್ಲಾ ಆಯಾ ಮಾದರಿಗೆ ತಕ್ಕ ಹಾಗೆ ಮಾಡಿರ್ತಾರೆ, ಒಂದರದ್ದು ಇನ್ನೊಂದಕ್ಕೆ ಹಾಕಿದ್ರೆ ಕೆಲವು ಸಲ ಕೂತ ಹಾಗೆ ಕಾಣ್ತದೆ, ಕೂತಿರಲ್ಲ. ಪ್ಯಾಕೆಟ್ ಮೇಲೆ ಮಾದರಿ ಯಾವುದು ಅಂತ ಒಂದು ಪದ ಬರೆಯೋಕೆ ಮಾರುವವರಿಗೆ ಏನು ಕಷ್ಟ ಅಂತ ನನಗೆ ಈಗಲೂ ಬೇಜಾರುಂಟು, ದೂರದೂರಲ್ಲಿ ಕೂತು ತರಿಸೋರಿಗೆ ಕೈಯಲ್ಲಿ ಹಿಡಿದು ನೋಡೋ ಅವಕಾಶ ಎಲ್ಲಿರ್ತದೆ.

ಸ್ಕ್ರೂ ತಪ್ಪಾದ್ರೆ ಕೈಗೆ ಗೊತ್ತಾಗ್ತದೆ, ಸ್ಪ್ರಿಂಗ್ ತಪ್ಪಾದ್ರೆ ಮನೇಲಿ ಗೊತ್ತೇ ಆಗಲ್ಲ. ಬೇರೆ ಟಿಪ್ ಹಾಕಿ ಅದೇ ಹೊಸ ಸ್ಪ್ರಿಂಗ್ ಇಟ್ಟು ಕಳಿಸಿದ್ದೆ. ಮನೇಲಿ ಒತ್ತಿದಾಗ ಲೈಟ್ ಚೆನ್ನಾಗೇ ಬರ್ತಿತ್ತು. ಸ್ಪರ್ಧೆಯ ಚೆಕಿಂಗ್‌ನಲ್ಲಿ ಎಪೇ ತುದಿ ಮೇಲೆ 750 ಗ್ರಾಂ ತೂಕ ಇಡ್ತಾರೆ, ಸ್ಪ್ರಿಂಗ್ ಆ ತೂಕವನ್ನ ವಾಪಸ್ ಮೇಲಕ್ಕೆ ಎತ್ತಬೇಕು, ಲೈಟ್ ಆರಬೇಕು. ಫಾಯಿಲ್‌ಗೆ ಅದು 500 ಗ್ರಾಂ. ಮಗಳದ್ದು ಎತ್ತಲಿಲ್ಲ, ಲೈಟ್ ಹಾಗೇ ಉರೀತಾ ನಿಂತಿತ್ತು. ಅಖಾಡಕ್ಕೆ ಹೋಗುವಾಗ ಸರಿಯಿರೋ ಆಯುಧ ಎರಡು ಇರ್ಬೇಕು, ಅಲ್ಲಿ ಕೆಲಸ ಮಾಡದ್ದು ಸಿಕ್ಕಿದ್ರೆ ಹಳದಿ ಕಾರ್ಡು. ಅವಳ ಮುಖ ನೋಡೋಕೆ ಆಗ್ಲಿಲ್ಲ ನಂಗೆ. ಜೊತೆಗಿದ್ದ ಒಂದು ಹುಡುಗಿ ತನ್ನದೊಂದು ಎಪೇ ಕೊಟ್ಟಳು, ಅವತ್ತು ಆಡಿದ್ದು ಅದರಲ್ಲೇ.

ಎಪೇಗೆ ಇನ್ನೂ ಎರಡು ಅಳತೆ ಉಂಟು. ಟಿಪ್ ಮತ್ತೆ ಬ್ಯಾರೆಲ್ ನಡುವೆ 1.5 ಮಿಮೀ ತಗಡು ಒಳಗೆ ಹೋಗ್ಬೇಕು. 0.5 ಮಿಮೀ ತಗಡು ಇಟ್ಟು ಒತ್ತಿದ್ರೆ ಲೈಟ್ ಬರಬಾರದು. ಬಂದ್ರೆ ಟಿಪ್ ಹಿಂಭಾಗದ ಚಿಕ್ಕ ಸ್ಪ್ರಿಂಗ್ ತಿರುಗಿಸಿ ಸರಿ ಮಾಡ್ಕೋಬಹುದು, ಆದ್ರೆ ಟಿಪ್ ಒಂದು ಮಾದರಿ, ಬ್ಯಾರೆಲ್ ಇನ್ನೊಂದು ಮಾದರಿ ಆದ್ರೆ ಎಷ್ಟು ತಿರುಗಿಸಿದ್ರೂ ಒಂದು ಸರಿ ಆದ್ರೆ ಇನ್ನೊಂದು ಕೆಡ್ತದೆ. ಅದನ್ನೇ ಇಡೀ ರಾತ್ರಿ ಮಾಡಿದ್ದೀನಿ.

ನಮ್ಮಲ್ಲಿ ಹಾಕಿ ಸ್ಟಿಕ್ ಆದ್ರೆ ಯಾರ ಮನೇಲಾದ್ರೂ ಸಿಗ್ತದೆ, ಇದಕ್ಕೆ ಕೇಳೋಣ ಅಂದ್ರೆ ಜನ ಇಲ್ಲ. ಮಗಳು ರಜೆಯಲ್ಲಿ ಮಾಕುಟ್ಟ ಘಾಟಿ ಇಳಿದು ತಲಶ್ಶೇರಿಗೆ ಹೋಗಿ ಕಲೀತಾಳೆ. ಒಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಫೆನ್ಸರ್ ಭವಾನಿ ದೇವಿ ತರಬೇತಿ ಪಡೆದಿದ್ದೂ ಅದೇ ಊರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಸೆಂಟರಲ್ಲಿ, 2021ರಲ್ಲಿ ಟೋಕಿಯೋದಲ್ಲಿ ಅವರು ಆಡೋದನ್ನ ಟಿವಿಯಲ್ಲಿ ನೋಡಿಯೇ ಇವಳಿಗೆ ಹುಚ್ಚು ಹಿಡಿದಿದ್ದು. ಅವರದ್ದು ಸೇಬರ್ ಅನ್ನೋ ಕತ್ತಿ, ಅದಕ್ಕೆ ತುದಿಯಲ್ಲಿ ಬಟನ್ನೇ ಇಲ್ಲ, ಬ್ಲೇಡ್ ಮುಟ್ಟಿದ್ರೆ ಲೈಟು, ಈ ಸ್ಕ್ರೂ ಸ್ಪ್ರಿಂಗ್ ತಾಪತ್ರಯ ಒಂದೂ ಇಲ್ಲ. ಇವಳು ಆರಿಸಿಕೊಂಡಿದ್ದು ಎಪೇ.

ನಂಗೆ ದಾರಿ ತೋರಿಸಿದ್ದು ನಮ್ಮ ಸ್ಪ್ರೇಯರ್, ಕಳೆ ಕಡಿಯೋ ಮೆಷಿನ್ ರಿಪೇರಿ ಮಾಡೋ ಅಣ್ಣ. ಎಪೇ ಅವರು ಜೀವಮಾನದಲ್ಲಿ ನೋಡಿಲ್ಲ, ಸ್ಕ್ರೂ ನೋಡಿ ಹೇಳಿದ್ರು, "ಅಕ್ಕ, ಮೊದಲ ಎರಡು ಮೂರು ಸುತ್ತು ಬೆರಳಲ್ಲೇ ಹೋಗ್ಬೇಕು, ಹೋಗಿಲ್ಲ ಅಂದ್ರೆ ಅದು ಇದರ ಸ್ಕ್ರೂ ಅಲ್ಲ, ಡ್ರೈವರ್ ಮುಟ್ಟಲೇಬೇಡಿ." ಇಷ್ಟೇ ಗೊತ್ತಿದ್ದಿದ್ರೆ ನನ್ನ ಟಿಪ್ ಉಳೀತಿತ್ತು.

ಈಗ ಟಿಪ್ ಬ್ಯಾರೆಲ್ ಸ್ಪ್ರಿಂಗ್ ಸ್ಕ್ರೂ ವೈರ್ ಅಷ್ಟೂ ಒಂದೇ ಕಡೆ ತಯಾರಾದ ಸೆಟ್ ತಗೊಳ್ತೀನಿ, ದುಡ್ಡು ಸ್ವಲ್ಪ ಜಾಸ್ತಿ ಆಗ್ತದೆ, ಆಗ್ಲಿ. ಹಿಡಿಕೆ ವಿಷಯದಲ್ಲೂ ಒಂದು ಹುಷಾರು ಬೇಕು, ಪಿಸ್ತೂಲ್ ಹಿಡಿಕೆ ಹಾಕೋಕೆ ಬ್ಲೇಡಿನ ಬಾಲ, ಅಂದ್ರೆ ಹಿಡಿಕೆ ಒಳಗೆ ಹೋಗೋ ಭಾಗ, ಕತ್ತರಿಸ್ತಾರೆ, ಕತ್ತರಿಸಿದ ಮೇಲೆ ಆ ಬ್ಲೇಡಿಗೆ ಉದ್ದದ ಫ್ರೆಂಚ್ ಹಿಡಿಕೆ ಬರಲ್ಲ, ಸೆಕೆಂಡ್‌ಹ್ಯಾಂಡ್ ತಗೊಳ್ಳೋರು ಬಾಲ ಎಷ್ಟುದ್ದ ಉಂಟು ಅಂತ ಮೊದಲೇ ಕೇಳಿ. ಫಾಯಿಲ್ ಆಡೋರು ಬಾಡಿ ವೈರ್, ಅಂದ್ರೆ ಬಟ್ಟೆ ಒಳಗಿಂದ ಬಂದು ಕತ್ತಿಗೆ ಸಿಕ್ಕಿಸೋ ವೈರ್, ನೋಡ್ಕೊಳ್ಳಿ, ಎರಡು ಪಿನ್ನಿಂದು ಬೇರೆ, ತಿರುಗಿಸಿ ಲಾಕ್ ಮಾಡೋದು ಬೇರೆ, ಕತ್ತಿಯ ಸಾಕೆಟ್ ಯಾವುದೋ ಅದೇ ವೈರ್ ಬೇಕು. ಎಪೇಗೆ ಎಲ್ಲಾ ಕಡೆ ಮೂರು ಪಿನ್ನೇ, ಅದೊಂದು ನೆಮ್ಮದಿ.

ಮಗಳು ಗಾರ್ಡ್ ಅಂದ್ರೆ ಕೈ ಕಾಯೋ ಬಟ್ಟಲಿನ ಒಳಗಡೆ ಉಗುರು ಬಣ್ಣದಲ್ಲಿ ಗುರುತು ಹಾಕಿದ್ದಾಳೆ, ಜರ್ಮನ್‌ಗೆ ಕೆಂಪು ಚುಕ್ಕೆ, ಫ್ರೆಂಚ್‌ಗೆ ನೀಲಿ, ಸ್ಕ್ರೂ ಡಬ್ಬಿಗಳ ಮುಚ್ಚಳಕ್ಕೂ ಅದೇ ಬಣ್ಣ. ಶನಿವಾರ ಎರಡನೇ ಬ್ಲೇಡಿನ ಉದ್ದಕ್ಕೂ ಇರೋ ಸಣ್ಣ ತೋಡಿಗೆ ಹೊಸ ವೈರ್ ಅಂಟಿಸೋದುಂಟು, ಈ ಥಂಡಿಯಲ್ಲಿ ಅಂಟು ಬೇಗ ಒಣಗಲ್ಲ, ಕರಿಮೆಣಸು ಚೀಲ ಬೆಚ್ಚಗಿಡೋ ಜಾಗದಲ್ಲೇ ಒಲೆ ಪಕ್ಕ ಎರಡು ದಿನ ಇಡ್ತೀನಿ.